ಹಿಂದಿನ ಮಾಳಿಗೆ

ಬೆರಳು ತೋರಿಸುವುದೂ ಒಂದು ನೌಕರಿ ಎಂಬುದು ಹಡಗು ಹತ್ತುವವರೆಗೆ ಮಲಕಪ್ಪನಿಗೆ ಗೊತ್ತಿರಲಿಲ್ಲ. ದಿನಾ ಮುಂಜಾನೆ ಹಡಗಿನ ಹಿಂಬದಿಯ ಬಯಲಿನಲ್ಲಿ, ಹಲಗೆ ಬಡಿದು ಕಟ್ಟಿದ ದೊಡ್ಡಿಯ ಮುಂದೆ ಅವನು ನಿಂತುಕೊಳ್ಳಬೇಕು; ಕೆರೂರಿನ ಯಾಕೂಬಸಾಬ ಕತ್ತಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಬಂದು, 'ಇವತ್ತ ಯಾವುದಪಾ?' ಎಂದು ಕೇಳಬೇಕು. ಮಲಕಪ್ಪ ಬೆರಳು ತೋರಿಸಬೇಕು. ಆಮೇಲೆ ಅವನು ಅಂಚಿನ ಕಂಬಿಯ ಹತ್ತಿರ ಹೋಗಿ ಕಡಲು ನೋಡುತ್ತ ನಿಲ್ಲುತ್ತಿದ್ದ. ಕೊಯ್ಯುವುದನ್ನು ನೋಡಿದರೆ ಕರುಳು ಚುರ್ರೆನ್ನುತ್ತದೆ ಎಂದು ಯಾಕೂಬಸಾಬನಿಗೆ ಮೊದಲ ದಿನವೇ ಹೇಳಿದ್ದ. ಹೇಳುವಾಗ ತನ್ನ ದನಿ ತನಗೇ ಹಿಡಿಸಿತ್ತು. ಆದರೆ ಮಧ್ಯಾಹ್ನ ಹಿಂದೂ ಅಡುಗೆಯವನು ಅದೇ ಕುರಿಯ ಸಾರನ್ನು ತಾಟಿಗೆ ಬಡಿಸಿದಾಗ ಕರುಳು ಚುರ್ರೆನ್ನುತ್ತಿದ್ದುದು ಹಸಿವಿಗೆ ಮಾತ್ರ. ಎಲುಬನ್ನು ಬಾಯಿಗಿಟ್ಟು ಮಜ್ಜೆ ಹೀರುವಾಗ, ಇದು ಮುಂಜಾನೆ ತೋರಿಸಿದ ಬಿಳಿಗಿವಿಯ ಕುರಿಯದೋ ಏನೋ ಎಂಬ ಯೋಚನೆ ಬರುತ್ತಿತ್ತು. ಬಂದದ್ದೇ ತಡ, ಇನ್ನೊಂದು ಎಲುಬಿಗೆ ಕೈ ಹೋಗುತ್ತಿತ್ತು. ಮರುಗುವ ಮಲಕಪ್ಪನೂ ಉಣ್ಣುವ ಮಲಕಪ್ಪನೂ ಒಬ್ಬರ ಗುರುತು ಒಬ್ಬರಿಗಿಲ್ಲದ ಬೀಗರಂತೆ ಒಂದೇ ಮೈಯಲ್ಲಿ ವಾಸವಾಗಿದ್ದರು.

ಖಲಾಸಿಗಳು ಆ ಜಾಗಕ್ಕೆ ಏನೋ ಒಂದು ಹೆಸರು ಹೇಳುತ್ತಿದ್ದರು. ನಾಲಿಗೆ ಹೊರಳದೆ ಇವರಿಬ್ಬರೂ ಅದನ್ನು ಹಿಂದಿನ ಮಾಳಿಗಿ ಎಂದೇ ಕರೆದರು. ಊರ ಮನೆಗಳ ಮಣ್ಣಿನ ಮಾಳಿಗೆಯಂತೆಯೇ ಅಲ್ಲಿಯೂ ತಲೆಯ ಮೇಲೆ ಬರೀ ಆಕಾಶ. ಮೆಣಸಿನಕಾಯಿ ಒಣಹಾಕುವುದೊಂದು ಬಾಕಿ. ಕೆಳಗೆ ಯಂತ್ರ ಹಗಲೂ ರಾತ್ರಿ ಬೀಸುಕಲ್ಲಿನಂತೆ ಗುಡುಗುಡು ಎನ್ನುತ್ತ ಪಾದದಿಂದ ಹಲ್ಲಿನವರೆಗೆ ಮೈಯನ್ನು ಅದುರಿಸುತ್ತಿತ್ತು. ಸಿಪಾಯಿಗಳು ಹಡಗಿನ ನಡುವೆ, ಸಾಹೇಬರು ಮೇಲೆ, ಕುರಿ ಮತ್ತು ಕುರಿಯವನು ಹಿಂದೆ. ಮುಂದೆ ಏನಿದೆ ಎಂಬುದು ಅವನಿಗೆ ಒಂದು ದಿನವೂ ಕಾಣಲಿಲ್ಲ. ಕಾಣುತ್ತಿದ್ದುದು ಹಡಗು ಸೀಳಿ ಬಿಟ್ಟುಬಂದ ಬಿಳಿ ನೊರೆಯ ಹಾದಿ ಒಂದೇ, ಅದೂ ನೋಡನೋಡುತ್ತ ಅಳಿಸಿಹೋಗುತ್ತಿತ್ತು. ಮುಂಬಯಿಯಲ್ಲಿ ಹಡಗು ಹತ್ತುವಾಗ ಅವನು ಎದೆ ಸೆಟೆಸಿಕೊಂಡು ಹತ್ತಿದ್ದ. ಕಡಲೊಳಗೆ ಬಂದು ಮಧ್ಯಾಹ್ನವಾಗುವುದರೊಳಗೆ ದೊಡ್ಡಿಯ ಹಲಗೆ ತಬ್ಬಿಕೊಂಡು ವಾಂತಿ ಮಾಡುತ್ತಿದ್ದ. ಕುರಿಗಳಿಗೆ ಏನೂ ಆಗಿರಲಿಲ್ಲ. ಅವು ಮೆಲುಕು ಹಾಕುತ್ತ, ಒಂದರ ಬೆನ್ನ ಮೇಲೊಂದು ಗದ್ದ ಇಟ್ಟುಕೊಂಡು, ತಮ್ಮನ್ನು ಕಾಯಲು ಬಂದ ಈ ಪ್ರಾಣಿಗೆ ಏನಾಗಿದೆ ಎಂದು ನೋಡುತ್ತಿದ್ದವು. 'ನೋಡ್ತೀರೇನ ನೋಡ್ರಿ' ಎಂದು ಬಾಯಿ ಒರೆಸಿಕೊಂಡು ಅವುಗಳಿಗೆ ಬೈದಿದ್ದ. ಬಹುವಚನದಲ್ಲೇ ಬೈದಿದ್ದ.

ಖರೆ ಹೇಳಬೇಕೆಂದರೆ ಅವನು ಕುರಿ ಕಾಯುವವನೇ ಅಲ್ಲ. ಐಹೊಳೆಯ ಹತ್ತಿರದ ಅವನ ಮನೆಯಲ್ಲಿ ಕುರಿ ಕಾಯುತ್ತಿದ್ದವನು ಅಣ್ಣ ಬಂಡೆಪ್ಪ. ಮಲಕಪ್ಪ ಡೊಳ್ಳು ಬಾರಿಸುತ್ತ ಕುಲದೇವರು ಬೀರಪ್ಪನ ಪದ ಹೇಳುತ್ತಿದ್ದ. ಪದದೊಳಗೆ ಏಳು ಹಟ್ಟಿಯ ಕುರಿಗಳನ್ನು ಒಂದೇ ಸೀಟಿಗೆ ತಿರುಗಿಸುತ್ತಿದ್ದ. ಬಯಲಿನಲ್ಲಿ ಒಂದು ಮರಿ ಕಾಲಿಗೆ ಅಡ್ಡ ಬಂದರೆ ಎಡವುತ್ತಿದ್ದ. ಕೆರೂರ ಸಂತೆಯಲ್ಲಿ ಸರ್ಕಾರದ ಮನುಷ್ಯ ಕುರ್ಚಿ ಹಾಕಿಕೊಂಡು ಕುಳಿತು, ಜರ್ಮನರ ಲಡಾಯಿ ನಡೆದಿದೆ, ಬಸರಾದಲ್ಲಿರುವ ನಮ್ಮ ಸಿಪಾಯಿಗಳಿಗೆ ಕುರಿ ಸಾಗಿಸಬೇಕು, ಕುರಿ ಬಲ್ಲವರು ಯಾರಿದ್ದೀರಿ ಎಂದು ಕೇಳಿದಾಗ ಸುತ್ತ ಬಹಳ ಜನ ಇದ್ದರು. ಜನ ಇದ್ದದ್ದೇ ಕೆಟ್ಟಿತು. ನಾಲ್ಕು ಮಂದಿ ಕೂಡಿದರೆ ಮಲಕಪ್ಪನ ಬಾಯಿ ಅವನ ಮಾತು ಕೇಳುತ್ತಿರಲಿಲ್ಲ. 'ನಾ ಸೀಟಿ ಹಾಕಿದ್ರ ಸತ್ತ ಕುರಿನೂ ಎದ್ದ ನಿಂದರತೈತ್ರಿ' ಎಂದುಬಿಟ್ಟ. ಮಂದಿ ನಕ್ಕರು. ಬಂಡೆಪ್ಪ ಒಬ್ಬನೇ ನಗಲಿಲ್ಲ. ಹೆಗಲ ಮೇಲಿನ ಕಂಬಳಿಯನ್ನು ತೆಗೆದು ತಮ್ಮನ ಹೆಗಲಿಗೆ ಹಾಕಿ, 'ಅಲ್ಲೆ ಥಂಡಿ ಇರತೈತಿ' ಎಂದಷ್ಟೇ ಹೇಳಿದ. ಬಾಯಿ ತಪ್ಪಿ ಬಂದ ಮಾತು ಎಂದು ಹೇಳಿ ಹಿಂದೆ ಸರಿಯಲು ಆಗಲೂ ಹೊತ್ತಿತ್ತು. ಆದರೆ ಕಂಬಳಿ ಬೆಚ್ಚಗಿತ್ತು, ಮಂದಿ ಇನ್ನೂ ನೋಡುತ್ತಿದ್ದರು. ಮನೆಯಲ್ಲಿ ಹೆಂಡತಿ ರಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, 'ಕುರಿ ಕಾಯಾಕ ಕಡಲಿಗಿ ಹೊಂಟಾರ, ನೋಡ್ರೆವಾ. ಮಳಿನೀರ ಹೊಂಡಾ ದಾಟಾಕ ನನ್ನ ಕೈ ಹಿಡಕೊಳ್ಳಾಂವ' ಎಂದು ಯಾರಿಗೋ ಹೇಳುವಂತೆ ಒಲೆಗೆ ಹೇಳಿದಳು.

ಈಗ ಕಡಲಿನ ಗಾಳಿ ಅವನ ಸೀಟಿಯನ್ನು ತುಟಿಯಿಂದಲೇ ಕಿತ್ತುಕೊಂಡು ಹಿಂದಕ್ಕೆ, ಮುಂಬಯಿಯ ಕಡೆಗೆ ಒಯ್ಯುತ್ತಿತ್ತು. ಕುರಿ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ.

ಬೆರಳು ತೋರಿಸುವುದು ಮೊದಮೊದಲು ಸಲೀಸಾಗಿತ್ತು. ಕಚ್ಚುವ ಕುರಿ ಇತ್ತು, ಅದನ್ನು ತೋರಿಸಿದ. ಕುಂಟುವುದು ಇತ್ತು, ಎಲ್ಲರ ಮೇವಿಗೂ ಬಾಯಿ ಹಾಕುವ ಹೊಟ್ಟೆಬಾಕ ಇತ್ತು, ಸುಮ್ಮಸುಮ್ಮನೆ ಒದರುವುದು ಇತ್ತು. ತಪ್ಪಿಲ್ಲದ ಪ್ರಾಣಿಯ ಕಡೆ ಬೆರಳು ಏಳುತ್ತಿರಲಿಲ್ಲವಾದ್ದರಿಂದ ಹಿಂದಿನ ದಿನ ಸಂಜೆಯೇ ಕುಳಿತು ಯಾವುದರಲ್ಲಿ ಏನು ತಪ್ಪಿದೆ ಎಂದು ಹುಡುಕುತ್ತಿದ್ದ, ಊರ ಪಂಚರಂತೆ. ತಪ್ಪಿದ್ದವು ಮುಗಿದ ಮೇಲೆ ತಪ್ಪು ಹೊರಿಸುವ ಕೆಲಸ ಶುರುವಾಯಿತು. ಒಂದರ ನೋಟ ಸರಿಯಿಲ್ಲ ಎಂದ. ಇನ್ನೊಂದು ತನ್ನನ್ನು ಕಂಡರೆ ಬೆನ್ನು ತಿರುಗಿಸುತ್ತದೆ ಎಂದ. ಆ ಮುಂಜಾನೆ ತೋರಿಸಿದ ಕಪ್ಪು ಕುರಿಯ ತಪ್ಪು ಏನೆಂದರೆ, ಅವನು ವಾಂತಿ ಮಾಡಿದ ದಿನ ಅದು ಎಲ್ಲಕ್ಕಿಂತ ಹತ್ತಿರ ನಿಂತು ನೋಡಿತ್ತು. ಯಾಕೂಬಸಾಬ ಖಲಾಸಿಯೊಬ್ಬನನ್ನು ಕರೆದು, ಹಡಗು ಹೊರಳುತ್ತ ಹೊರಳುತ್ತ ಈಗ ಕಾಬಾ ಯಾವ ದಿಕ್ಕಿಗೆ ಬಂದಿದೆ ಎಂದು ವಿಚಾರಿಸಿದ. ಕೆರೂರಿನಲ್ಲಿ ಅವನು ಅದನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಖಲಾಸಿ ಕೈ ತೋರಿಸಿದ ಕಡೆಗೆ ಕುರಿಯ ಮುಖ ತಿರುಗಿಸಿ ಮಲಗಿಸಿದ. ಮಲಕಪ್ಪ ಕಂಬಿಯ ಹತ್ತಿರ ಹೋಗಿ ನಿಂತ. ಹಿಂದೆ ಬಿಸಮಿಲ್ಲಾ ಕೇಳಿಸಿತು, ಕಾಲು ಹಲಗೆಗೆ ಬಡಿಯುವ ಸಪ್ಪಳ ಕೇಳಿಸಿತು, ಆಮೇಲೆ ಯಂತ್ರದ ಗುಡುಗುಡು ಒಂದೇ. ಎರಡು ಮೀನು ನೀರಿನಿಂದ ಹಾರಿ ಬಿದ್ದವು. ಆಹಾ ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಿದ್ದವನಿಗೆ, ಕುರಿ ಹೊರಗೆ ತೆಗೆದ ಮೇಲೆ ದೊಡ್ಡಿಯ ಬಾಗಿಲಿಗೆ ಹಗ್ಗ ಬಿಗಿಯುವುದು ತನ್ನ ಕೆಲಸ ಎಂಬುದು ನೆನಪಾಗಲಿಲ್ಲ. ಅಗುಳಿ ಹಾಕಿತ್ತು, ಹಗ್ಗ ಕೆಳಗೆ ಬಿದ್ದಿತ್ತು. ಆಮೇಲೆ ಅವನು ಹಗ್ಗವನ್ನು ನೋಡಿದ್ದನೇ? ನೋಡಿದ್ದ. ನೀರು ಕುಡಿಸಲು ಹೋದಾಗ ಅದನ್ನು ದಾಟಿಯೇ ಹೋಗಿದ್ದ. ಹಲಗೆಯ ಮೇಲೆ ನೆತ್ತರು ಇನ್ನೂ ಆರಿರಲಿಲ್ಲ, ಬಗ್ಗಿದರೆ ವಾಸನೆ ಬರುತ್ತದೆ, ಆಮೇಲೆ ಕಟ್ಟಿದರಾಯಿತು ಎಂದುಕೊಂಡಿದ್ದ.

ಊಟವಾದ ಮೇಲೆ ಆಕಾಶ ತೊಯ್ದ ಕಂಬಳಿಯಂತೆ ಭಾರವಾಗಿ ಕೆಳಗಿಳಿಯಿತು. ಗಾಳಿ ಮೊದಲು ನಿಂತಿತು. ನಿಂತದ್ದನ್ನು ಕಂಡು ಮಲಕಪ್ಪ, ಕಡಲು ತನಗೆ ಪಳಗಿತು ಎಂದುಕೊಂಡ. ಆಮೇಲೆ ಎಲ್ಲ ಕಡೆಯಿಂದ ಬಂದಿತು. ಹಡಗಿನ ಹಿಂಭಾಗ ಮಾಳಿಗೆಯ ಸಮೇತ ಮೇಲೆದ್ದು ಮೇಲೆದ್ದು, ಇನ್ನು ಏಳಲಾರೆನೆಂಬಂತೆ ನಿಂತು, ಬಾವಿಗೆ ಬಿಟ್ಟ ಕೊಡದ ಹಾಗೆ ಒಮ್ಮೆಲೇ ಇಳಿಯಿತು. ನೀರು ಕಂಬಿ ದಾಟಿ ಒಳಗೆ ಬಂತು. ಯಾಕೂಬಸಾಬ ತೊಳೆಯಲು ತಂದಿದ್ದ ಪಾತ್ರೆಗಳು ಗಡಗಡ ಉರುಳಿ ಹೋದವು. ಆ ಸಪ್ಪಳಕ್ಕೆ ಬೆದರಿದ ಕುರಿಗಳೆಲ್ಲ ಒಮ್ಮೆಲೇ ಬಾಗಿಲಿಗೆ ಒತ್ತಿದವು. ಅಗುಳಿ ಸಿಡಿಯಿತು. ಹಗ್ಗವಿದ್ದಿದ್ದರೆ ತಡೆಯುತ್ತಿತ್ತು. ಮುಂದಿನ ಕುರಿ ಹೊರಬಿದ್ದು, ತೊಯ್ದ ಹಲಗೆಯ ಮೇಲೆ ಜಾರಿ, ಕಂಬಿಯ ಕೆಳಗಿನ ಸಂದಿಯಿಂದ ಮಾಯವಾಯಿತು. ಒದರಲೂ ಇಲ್ಲ. 'ಲೇ ಮಲ್ಕಾ, ಬಾಗಲಾ! ಬಾಗಲಾ ಹಿಡಿ!' ಎಂದು ಯಾಕೂಬಸಾಬ ಕೂಗಿದ. ಮಲಕಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿಕೊಂಡೇ ಅವನು ಎದುರು ದಿಕ್ಕಿಗೆ, ಕೆಳಗಿಳಿಯುವ ಮೆಟ್ಟಿಲಿನ ಕಡೆಗೆ ಓಡಿದ. ಓಡುವಾಗ ಬಾಯಲ್ಲಿ ಬೀರಪ್ಪನ ಹೆಸರು ಬರಲಿಲ್ಲ. ಎಷ್ಟು ಪದ ಹಾಡಿದ್ದ, ಎಷ್ಟು ರಾತ್ರಿ ಡೊಳ್ಳು ಬಾರಿಸಿದ್ದ. ಬಂದದ್ದು ಮಾತ್ರ 'ಯವ್ವಾ' ಎಂಬ ಒಂದೇ ಶಬ್ದ, ಅದೂ ಮೂರು ವರ್ಷದ ಕೂಸಿನ ದನಿಯಲ್ಲಿ. ಒಂದು ಕೈ ರುಮಾಲು ಹಾರದಂತೆ ತಲೆಯನ್ನು ಹಿಡಿದುಕೊಂಡಿತ್ತು.

ಮೆಟ್ಟಿಲು ಕೈಗೆ ಸಿಗುವಷ್ಟು ಹತ್ತಿರ ಬಂದಾಗ ಹಡಗು ಮತ್ತೆ ಹಿಂದಕ್ಕೆ ವಾಲಿತು. ಮಲಕಪ್ಪ ಓಡುತ್ತಲೇ ಇದ್ದ, ಆದರೆ ಹಿಂದಕ್ಕೆ ಹೋಗುತ್ತಿದ್ದ. ಕಾಲು ತಪ್ಪಿ ಬಿದ್ದು, ಅಂಗಾತ ಜಾರುತ್ತ, ತೆರೆದ ಬಾಗಿಲಿನಿಂದ ನೇರ ದೊಡ್ಡಿಯೊಳಗೆ ಹೋಗಿ ಕುರಿಗಳ ಕಾಲ ನಡುವೆ ಸೇರಿದ. ಅವುಗಳೂ ಅವನ ಮೇಲೆ ಬಿದ್ದವು. ಅವು ಮೇಲೆ ಬೀಳುವ ಮೊದಲು ಕಣ್ಣಂಚಿಗೆ ಕಂಡದ್ದು ಇಷ್ಟು: ಯಾಕೂಬಸಾಬ ಬಾಗಿಲನ್ನು ಎದೆಯಿಂದ ನೂಕಿ ಮುಚ್ಚಿ, ಸಿಡಿದ ಅಗುಳಿಯ ಜಾಗದಲ್ಲಿ ತನ್ನ ಬಲಗೈಯನ್ನೇ ತೂರಿಸಿ ನಿಂತಿದ್ದ. ಆಮೇಲೆ ಕಂಡದ್ದು ಉಣ್ಣೆ ಒಂದೇ. ತೊಯ್ದ ಉಣ್ಣೆಯ ವಾಸನೆ, ಮುಖದ ಮೇಲೆ ಬಿಸಿ ಉಸಿರು, ಎದೆಯ ಮೇಲೆ ಯಾವುದರದೋ ಹೊಟ್ಟೆ. ಕೈಗೆ ಸಿಕ್ಕ ಎರಡು ಕುತ್ತಿಗೆಗಳನ್ನು ಬಿಗಿಯಾಗಿ ತಬ್ಬಿಕೊಂಡ. ತೆರೆ ಬಂದು ಬಡಿದಾಗೆಲ್ಲ ಕುರಿಗಳ ಭಾರ ಅವನನ್ನು ನೆಲಕ್ಕೆ ಒತ್ತಿ ಹಿಡಿಯಿತು. ನಾಳೆ ಇವುಗಳಲ್ಲಿ ಯಾವುದನ್ನು ತೋರಿಸಲಿ ಎಂದು ಆ ಹೊತ್ತಿನಲ್ಲೂ ಒಂದು ಯೋಚನೆ ಬಂದುಹೋಯಿತು. ಬಂದದ್ದು ಖರೆ. ತಾನು ಎಂಥ ಮನುಷ್ಯನಪ್ಪ ಎಂದು ಕುರಿಯ ಹೊಟ್ಟೆಯ ಕೆಳಗೆ ಬಿದ್ದುಕೊಂಡೇ ಬೆರಗಾದ.

ಗಾಳಿ ಇಳಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಪ್ರಾಣಿಗಳ ಉಸ್ತುವಾರಿಯ ಸಾಹೇಬ, ಮೀಸೆ ಸರಿಯಾಗಿ ಮೂಡಿರದ ಹರೆಯದವನು, ಎರಡು ಜನ ಸಿಪಾಯಿಗಳನ್ನು ಕರೆದುಕೊಂಡು ಹಿಂದೆ ಬಂದ. ಎಲ್ಲ ಕುರಿ ಹೋಗಿರಬೇಕೆಂದು ಬಂದವನಿಗೆ ಕಂಡದ್ದು, ತುಂಬಿದ ದೊಡ್ಡಿ. ಅದರ ನಡುವೆ, ಎಡಕ್ಕೊಂದು ಬಲಕ್ಕೊಂದು ಕುರಿಯ ಕುತ್ತಿಗೆ ಅಪ್ಪಿಕೊಂಡು, ಕಣ್ಣು ಮುಚ್ಚಿ ಕುಳಿತ ಕುರುಬ. ಸಾಹೇಬ ಟೋಪಿ ತೆಗೆದ. ಮಲಕಪ್ಪನನ್ನು ಹೊರಗೆ ಕರೆಸಿ ನಿಲ್ಲಿಸಿದ. ಅವನಿಗೆ ಕನ್ನಡ ಬಾರದು, ಮಲಕಪ್ಪನಿಗೆ ಹಿಂದುಸ್ತಾನಿ ಸಂತೆಯ ವ್ಯವಹಾರದಷ್ಟೇ. ನಡುವೆ ಯಾಕೂಬಸಾಬ ನಿಂತ, ಬಲಗೈಯನ್ನು ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು.

'ಸಾಹೇಬ ಕೇಳಾಕತ್ತಾರ, ಜೀವದ ಹಂಗ ಬಿಟ್ಟ ಕುರಿ ಉಳಿಸಿದೆಲ್ಲಾ, ನಿನಗ ಅಂಜಿಕಿ ಬರಲಿಲ್ಲೇನು ಅಂತ.'

ಮಲಕಪ್ಪ ಯಾಕೂಬಸಾಬನ ಮುಖ ನೋಡಿದ. ಆ ಮುಖದಲ್ಲಿ ಏನೂ ಇರಲಿಲ್ಲ. ಸಿಪಾಯಿಗಳು ನೋಡುತ್ತಿದ್ದರು, ಮೇಲಿನ ಕಟ್ಟೆಯಿಂದ ಇನ್ನೂ ಹತ್ತು ಜನ ಬಗ್ಗಿ ನೋಡುತ್ತಿದ್ದರು. ಕೆರೂರ ಸಂತೆಯಲ್ಲಿ ನೋಡಿದಷ್ಟೇ ಜನ. ಗಂಟಲಿನಲ್ಲಿ ಒಂದು ದೊಡ್ಡ ಮಾತು ತಾನಾಗಿ ಎದ್ದು ಬಂತು. ಅದನ್ನು ಹೇಗೆ ನುಂಗಿದನೋ ಅವನಿಗೇ ತಿಳಿಯದು.

'ಬಾಗಲಕ್ಕ ಹಗ್ಗಾ ಕಟ್ಟದಾಂವ ನಾನ್ರಿ' ಎಂದ. 'ಕುರಿ ಹೊರಗ ಬಿದ್ದದ್ದು ನನ್ನಿಂದ. ಉಳಿಸಿದಾಂವ ಈ ಯಾಕೂಬಣ್ಣ, ಅವನ ಕೈ ನೋಡ್ರಿ. ನಾ ಅಂಜಿ ಓಡಿಹೊಂಟಿದ್ದೆ, ಕಾಲ ಜಾರಿ ಬಿದ್ನಿ. ಅಷ್ಟಽ.'

ಜನ್ಮದಲ್ಲಿ ನಾಲ್ಕು ಮಂದಿಯ ಮುಂದೆ ಅವನು ಇದ್ದದ್ದನ್ನು ಇದ್ದಂತೆ ಹೇಳಿದ್ದು ಅದೇ ಮೊದಲು. ಮೈ ಹಗುರಾಯಿತು. ಈಗ ಸಾಹೇಬನ ಮುಖ ಕೆಂಪಾಗುತ್ತದೆ, ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ಕಾದ. ಯಾಕೂಬಸಾಬ ಗಂಟಲು ಸರಿಮಾಡಿಕೊಂಡು ಹಿಂದುಸ್ತಾನಿಯಲ್ಲಿ ನಿಧಾನವಾಗಿ ಏನೋ ಹೇಳಿದ. ಅದರೊಳಗೆ ಹಗ್ಗ ಎಂಬ ಮಾತು ಬರಲಿಲ್ಲ, ಓಡಿದ್ದು ಬರಲಿಲ್ಲ. 'ಔಲಾದ' ಎಂಬ ಒಂದು ಶಬ್ದ ಮಾತ್ರ ಮಲಕಪ್ಪನಿಗೆ ತಿಳಿಯಿತು. ಮಕ್ಕಳು. ಉಳಿದದ್ದನ್ನು ಅವನೇ ಊಹಿಸಿಕೊಂಡ: ಕುರಿಗಳು ನನ್ನ ಮಕ್ಕಳು, ಮಕ್ಕಳನ್ನು ಉಳಿಸುವಾಗ ಯಾವ ತಂದೆ ಅಂಜುತ್ತಾನೆ! ಸಾಹೇಬನ ಕಣ್ಣು ತೇವವಾದವು. ಮಲಕಪ್ಪನ ಭುಜದ ಮೇಲೆ ಕೈಯಿಟ್ಟು, ಜೇಬಿನಿಂದ ಸಿಗರೇಟಿನ ಡಬ್ಬಿ ತೆಗೆದು ಕೊಟ್ಟ. ಬೇಡವೆನ್ನಬೇಕು ಎಂದು ಮಲಕಪ್ಪ ನಿರ್ಧರಿಸುವಷ್ಟರಲ್ಲಿ ಅವನ ಎರಡೂ ಕೈ ಮುಂದೆ ಹೋಗಿ ಡಬ್ಬಿಯನ್ನು ಹಿಡಿದಿದ್ದವು, ನಡು ಬಗ್ಗಿತ್ತು, ಬಾಯಿ ಸಲಾಮು ಹೇಳಿಯಾಗಿತ್ತು. ಹೊಗಳಿಕೆ ಬಂದಾಗ ಅವನ ಮೈ ಅವನನ್ನು ಕೇಳುವ ರೂಢಿ ಇಟ್ಟುಕೊಂಡಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಯಾಕೂಬಸಾಬನ ಹಿಂದೆ ಬಿದ್ದ.

'ಯಾಕ ಹಂಗಂದಿ ಯಾಕೂಬಣ್ಣಾ? ನಾ ಏನ ಹೇಳಿದೆ, ನೀ ಏನ ಹೇಳಿದಿ?'

'ನೀ ಹೇಳಿದ್ದಽ ಹೇಳಿದೆ.'

'ಸುಳ್ಳ ಹೇಳಬ್ಯಾಡ. ಔಲಾದ ಅಂದ್ರ ನನಗ ತಿಳೀತೈತಿ.'

ಯಾಕೂಬಸಾಬ ಕೈಗೆ ಸುತ್ತಿದ ವಸ್ತ್ರ ಬಿಚ್ಚಿದ. ಮುಂಗೈ ಬದನೆಕಾಯಿಯಂತೆ ಊದಿ ಬಣ್ಣ ತಿರುಗಿತ್ತು, ಎರಡು ಬೆರಳು ಹೇಗೆ ನಿಲ್ಲಬೇಕೋ ಹಾಗೆ ನಿಂತಿರಲಿಲ್ಲ. ಅದನ್ನು ಉಪ್ಪುನೀರಿನ ಬಾಲ್ದಿಗೆ ಇಳಿಸಿ ಹಲ್ಲು ಕಚ್ಚಿದ. 'ಹಗ್ಗಾ ಕಟ್ಟಲಿಲ್ಲ ಅಂತ ಹೇಳಿದ್ರ ಏನ ಮಾಡತಿದ್ರು ಗೊತ್ತೈತೇನು? ಕೆಳಗ ಬೆಂಕಿ ಮುಂದ ಇದ್ದಲಿ ತುಂಬಾಕ ಹಾಕ್ತಿದ್ರು. ಬಸರಾ ಬರೂದ್ರಾಗ ಸುಟ್ಟ ಬದನಿಕಾಯಿ ಆಗತಿದ್ದಿ. ಆಮ್ಯಾಲ ಈ ಹಡಗದಾಗ ಕನ್ನಡಾ ಮಾತಾಡಾಕ ನನಗ ಯಾರದಾರ? ಕುರಿ ಕೂಡ ಮಾತಾಡ್ಲೇನು?'

'ಆದ್ರ ಕೈ ನಿಂದು ಹೋತಲ್ಲೊ…'

'ಹೋಗ್ಲಿ ಬಿಡು. ಕಟುಗ ಕುರಿ ಉಳಿಸಿದ ಅಂದ್ರ ಯಾರರ ನಂಬತಾರೇನು? ಕೆರೂರಾಗ ಹೇಳಿದ್ರ ನಮ್ಮ ಲಾಲಬಿನಽ ನಗತಾಳ, ಹೇಣ್ತಿ ಆಗಿ.' ಡಬ್ಬಿಯ ಕಡೆ ಗದ್ದ ತೋರಿಸಿ, 'ಒಂದ ಕೊಡಿಲ್ಲೆ' ಎಂದ. ಮಲಕಪ್ಪನೇ ಸಿಗರೇಟು ಹಚ್ಚಿ ಅವನ ತುಟಿಗೆ ಇಟ್ಟ.

ಆ ಸಂಜೆ ದೊಡ್ಡಿಯ ಹತ್ತಿರ ಕುಳಿತಿದ್ದಾಗ ಮಲಕಪ್ಪನಿಗೆ ನಾಚಿಕೆಯಿಂದ ಊಟ ಸೇರಲಿಲ್ಲ. ಅರ್ಧ ತಾಟು ಮಾತ್ರ ಸೇರಿತು. ನಾಚಿಕೆಯ ನಡುವೆಯೇ, ಎಲ್ಲಿಂದಲೋ, ಡೊಳ್ಳಿನ ತಾಳಕ್ಕೆ ಒಂದು ಸಾಲು ನಾಲಿಗೆಯ ತುದಿಗೆ ಬಂತು: ಕಡಲ ನಡುವ ಕುರಿಯ ಕಾದ ಮಲಕನೆಂಬ ಧೀರ. ಥೂ ಎಂದು ಕಡಲಿಗೆ ಉಗುಳಿದ. ಉಗುಳಿ, ಇನ್ನೊಂದು ಸಾಲಿನ ಕೊನೆಗೆ 'ತೀರ' ಎಂದು ಬರುವಂತೆ ಏನು ಹಾಕಬಹುದು ಎಂದು ಯೋಚಿಸುತ್ತ ಕುಳಿತ. ಊರಿಗೆ ಹೋದ ಮೇಲೆ ಇದನ್ನು ತಾನು ಹಾಡಿಯೇ ಹಾಡುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು. ರಂಗವ್ವ ಮೂಲೆಯಲ್ಲಿ ಕುಳಿತು ಕೇಳುತ್ತಾಳೆ, ಏನೂ ಅನ್ನುವುದಿಲ್ಲ, ಹಾಡು ಮುಗಿದ ಮೇಲೆ ಎದ್ದು ಒಳಗೆ ಹೋಗಿ ನಗುತ್ತಾಳೆ. ಪದದಲ್ಲಿ ಯಾಕೂಬಣ್ಣನ ಕೈಯನ್ನೂ ಹಾಕುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಕೊನೆಯ ನುಡಿಯಲ್ಲಿ ಹಾಕಿದರಾಯಿತು. ಅಷ್ಟೊತ್ತಿಗೆ ಮಂದಿ ಏಳುತ್ತಿರುತ್ತಾರೆ ಎಂಬುದೂ ಹೊಳೆಯಿತು.

ಮುಂಜಾನೆ ಕಡಲು ಏನೂ ಆಗಿಲ್ಲವೆಂಬಂತೆ ಎಣ್ಣೆಯ ಹಾಗೆ ಬಿದ್ದುಕೊಂಡಿತ್ತು. ಯಾಕೂಬಸಾಬ ಎಡಗೈಯಲ್ಲಿ ಕತ್ತಿ ಹಿಡಿದು ಬಂದ. ಬಲಗೈ ಎದೆಗೆ ಕಟ್ಟಿತ್ತು.

'ಎಡಗೈಲೆ ಕೊಯ್ಯಬಾರ್ದು. ಆದ್ರ ಏನ ಮಾಡ್ಲಿ, ಇದರೊಳಗ ಜೀವಾ ಇಲ್ಲ. ಅಲ್ಲಾ ಮಾಫ ಮಾಡ್ತಾನ' ಎಂದ. 'ಖಲಾಸಿಗೋಳ್ನ ಕೇಳಿದೆ, ಎಲ್ಲಾರೂ ವಲ್ಲೆಂದ್ರು. ಕಾಲ ಹಿಡ್ಯಾಕ ಒಬ್ಬಾಂವ ಬೇಕಪಾ.'

ಮಲಕಪ್ಪ ಒಮ್ಮೆ ಕಂಬಿಯ ಕಡೆ ನೋಡಿದ. ದೊಡ್ಡಿಯೊಳಗೆ ಇಳಿದ. ಕುರಿಗಳು ಸರಿದು ದಾರಿ ಬಿಟ್ಟವು. ಯಾವುದರಲ್ಲಿ ತಪ್ಪಿದೆ ಎಂದು ನೋಡಿದ. ಒಂದೊಂದನ್ನೂ ನೋಡಿದ. ಹುಡುಕುವ ಶಕ್ತಿಯೇ ಅವನಲ್ಲಿ ಉಳಿದಿರಲಿಲ್ಲ. ಕಡೆಗೆ ಹತ್ತಿರ ನಿಂತದ್ದನ್ನು, ಯಾವ ತಪ್ಪೂ ಇಲ್ಲದ್ದನ್ನು, ಎರಡೂ ಕೈಯಿಂದ ಎತ್ತಿ ಹೊರಗೆ ತಂದ. ಬಾಗಿಲು ಹಾಕಿ ಹಗ್ಗ ಬಿಗಿದ. ಖಲಾಸಿಯೊಬ್ಬ ಅಂದು ಕೈ ತೋರಿಸಿದ ಕಡೆಗೆ ಮುಖ ಮಾಡಿ ಮಲಗಿಸಿ, ಮೊಳಕಾಲನ್ನು ಅದರ ಹೊಟ್ಟೆಯ ಬದಿಗೆ ಊರಿ, ನಾಲ್ಕೂ ಕಾಲುಗಳನ್ನು ಕೂಡಿಸಿ ಹಿಡಿದ. ಗೊರಸಿನ ಮೇಲಿನ ಸಣ್ಣ ನರದಲ್ಲಿ ಜೀವ ಟಕಟಕ ಬಡಿಯುತ್ತಿದ್ದುದು ಅಂಗೈಗೆ ಬರುತ್ತಿತ್ತು. ಅವನದೋ ಅದರದೋ ತಿಳಿಯಲಿಲ್ಲ. ಕುರಿಯ ಕಣ್ಣು ಅವನನ್ನೇ ನೋಡುತ್ತಿತ್ತು. ಅವನೂ ನೋಡಿದ.

ಆಗ ಮೇಲಿನ ಕಟ್ಟೆಯ ಮೇಲೆ ಯಾರೋ ಬಂದು ನಿಂತ ನೆರಳು ಹಲಗೆಯ ಮೇಲೆ ಬಿತ್ತು. ಮಲಕಪ್ಪ ತಲೆಯೆತ್ತಿದ. ಸಾಹೇಬ. ಕೈಯಲ್ಲಿ ಚಹಾದ ಬಟ್ಟಲು. ಕುರಿಗಳ ತಂದೆಯನ್ನು ಇನ್ನೊಮ್ಮೆ ನೋಡಿಹೋಗಲು ಬಂದಿರಬೇಕು. ತೋರಿಸಲೆಂದು ಇನ್ನೊಬ್ಬ ಸಾಹೇಬನನ್ನೂ ಪಕ್ಕದಲ್ಲಿ ಕರೆತಂದಿದ್ದ. ತುಟಿಗೆ ಹೋಗುತ್ತಿದ್ದ ಬಟ್ಟಲು ನಡುದಾರಿಯಲ್ಲೇ ನಿಂತಿತು. ಮಲಕಪ್ಪನಿಗೆ ಎದ್ದು ಸಲಾಮು ಮಾಡಬೇಕೆನಿಸಿತು. ಕೈ ಖಾಲಿ ಇರಲಿಲ್ಲ. ಇದು ಹಾಗಲ್ಲ ಸಾಹೇಬರೆ ಎಂದು ಕೂಗಿ ಹೇಳಬೇಕೆನಿಸಿತು, ಹಿಂದುಸ್ತಾನಿ ಇರಲಿಲ್ಲ. ಒಂದು ಕಾಲು ಕೈಯಿಂದ ಜಾರಿ ಒದೆಯಿತು. ಅವನು ಬಗ್ಗಿ ಅದನ್ನು ಮತ್ತೆ ಕೂಡಿಸಿ, ಮೊದಲಿಗಿಂತ ಬಿಗಿಯಾಗಿ ಹಿಡಿದ. ಎರಡನೆಯ ಸಾಹೇಬ ಏನೋ ಅಂದ, ಮೊದಲನೆಯವನ ಬಾಯಿ ಸೊಟ್ಟಗಾಯಿತು, ಅದು ನಗುವೋ ಹೇಸಿಗೆಯೋ ಕೆಳಗಿನಿಂದ ತಿಳಿಯಲಿಲ್ಲ.

ಕತ್ತಿಯನ್ನು ಎಡಗೈಗೆ ಸರಿಮಾಡಿಕೊಳ್ಳುತ್ತಿದ್ದ ಯಾಕೂಬಸಾಬ, ಬೆನ್ನು ತಿರುಗಿಸಿ ಕುಳಿತಿದ್ದರಿಂದ ಏನೂ ಕಾಣದೆ ಕೇಳಿದ: 'ಯಾರಪಾ ಮ್ಯಾಲೆ?'

'ಯಾರರ ಇರ್ಲಿ. ನೀ ಕೊಯ್ಯಣ್ಣಾ' ಎಂದ ಮಲಕಪ್ಪ. 'ನಾ ಹಿಡದೇನಿ.'